ಮೊದಲ ಕೈ ಕುಡಿಯುವ ಗೋಡೆ

ಸುಣ್ಣದಕ್ಕ ಅಂದರೆ ಆ ಬೀದಿಗೆಲ್ಲ ಗೊತ್ತು. ನಲವತ್ತು ವರ್ಷ ಊರವರ ಗೋಡೆಗೆ ಸುಣ್ಣ ಹೊಡೆದವಳು. ಏಣಿ ಹತ್ತಿದರೆ ಸೂರಿನ ಮೂಲೆಯವರೆಗೂ ಬ್ರಷ್ ಆಡಿಸಿ, ನೆಲಕ್ಕೆ ಒಂದು ಹನಿ ಚೆಲ್ಲದೆ ಇಳಿಯುತ್ತಿದ್ದಳು. ಅಂಥವಳಿಗೆ ಐವತ್ತೆಂಟಕ್ಕೆ, ಬರೀ ಕೆಮ್ಮಿದ್ದಕ್ಕೆ ಪಕ್ಕೆಲುಬು ಬಿರುಕು ಬಿಟ್ಟಿತು. ಮೂರು ತಿಂಗಳಲ್ಲಿ ಬಕೆಟ್ ಎತ್ತುವಾಗ ಬಲಗೈ ಮಣಿಕಟ್ಟು ಮುರಿಯಿತು.

ದೊಡ್ಡಾಸ್ಪತ್ರೆಯ ಡಾಕ್ಟರು ರಕ್ತ ನೋಡಿ, ಕತ್ತಿನ ಸ್ಕ್ಯಾನ್ ನೋಡಿ ಬಿಡಿಸಿ ಹೇಳಿದರು. ಗಂಟಲ ಬಳಿ ಕಾಳಿನಷ್ಟು ಚಿಕ್ಕ ನಾಲ್ಕು ಗ್ರಂಥಿಗಳಿರುತ್ತವೆ. ಅದರಲ್ಲೊಂದು ಉಬ್ಬಿ, ಹದ ಮೀರಿ ದುಡಿಯುತ್ತಿದೆ. ಎಲುಬಿನ ಸುಣ್ಣವನ್ನು ಕಿತ್ತು ಕಿತ್ತು ರಕ್ತಕ್ಕೆ ಸುರಿಯುತ್ತಿದೆ. "ರಕ್ತದಲ್ಲಿ ಸುಣ್ಣ ಜಾಸ್ತಿ, ಎಲುಬಲ್ಲಿ ಕಮ್ಮಿ," ಅಂದರು. ಆಕೆ ಮೊದಲರ್ಧವನ್ನಷ್ಟೇ ಕಿವಿಗೆ ಹಾಕಿಕೊಂಡಳು.

ಕತ್ತು ಕೊಯ್ದು ಆ ಗ್ರಂಥಿ ತೆಗೆದರು. ಮನೆಗೆ ಹೊರಡುವಾಗ ಆಕೆ ಕೇಳಿದ್ದು ಒಂದೇ ಮಾತು: "ಏಣಿ ಹತ್ತಬಹುದಾ?"

"ವರ್ಷ ಕಳೆಯಲಮ್ಮ, ಎಲುಬಿನ ಸ್ಕ್ಯಾನ್ ನೋಡಿ ಹೇಳ್ತೀನಿ. ಅಲ್ಲೀವರೆಗೂ ಈ ಕ್ಯಾಲ್ಸಿಯಂ ಮಾತ್ರೆ ತಪ್ಪಿಸಬೇಡಿ."

ಮನೆಯಲ್ಲಿ ಆಕೆ ಮಾತ್ರೆಯೊಂದನ್ನು ಉಗುರಲ್ಲಿ ಕೆರೆದು ನಾಲಿಗೆಗೆ ಹಚ್ಚಿ ನೋಡಿದಳು. ನಲವತ್ತು ವರ್ಷ ಗಾಳಿಯಲ್ಲಿ ಕುಡಿದ ಸುಣ್ಣದ ರುಚಿ ತಿಳಿಯದೇ? ಒಂದೂ ನುಂಗದೆ, ಎಲ್ಲವನ್ನೂ ಬ್ರಷ್ ಇಡುವ ಡಬ್ಬಿಯ ತಳಕ್ಕೆ ಸುರಿದಳು.

ಮೂರನೆಯ ದಿನ ಬೆಳಗ್ಗೆ ತುಟಿಯ ಸುತ್ತ ಜುಮುಜುಮು ಶುರುವಾಯಿತು. ಕೈ ಸುಮ್ಮನಿರಲಾರದೆ ಬ್ರಷ್ ಒರೆಸುತ್ತ ಕೂತಿದ್ದವಳ ಬೆರಳುಗಳು ಹಿಡಿಕೆಯ ಮೇಲೆ ಸೆಟೆದುಕೊಂಡವು, ಬಿಡಿಸಿದರೂ ಬಿಡವು. ಕೂಗು ಕೇಳಿ ತನ್ನ ಇಸ್ತ್ರಿ ಅಂಗಡಿಯಿಂದ ಓಡಿ ಬಂದ ಸೊಸೆ ಬ್ರಷ್ಷಿನ ಡಬ್ಬಿ ಅಲುಗಾಡಿಸಿ ನೋಡಿದಳು. ತಳದಲ್ಲಿ ಮಾತ್ರೆಗಳು ಗಲಗಲ ಅಂದವು.

"ಅತ್ತೆ, ಒಂದಾದ್ರೂ ನುಂಗಿದ್ರಾ?"

"ಸುಣ್ಣ ಇಳೀಲಿ ಅಂತ ಕತ್ತು ಕೊಯ್ಸಿಕೊಂಡು ಮತ್ತೆ ಸುಣ್ಣಾನೇ ನುಂಗ್ಲಾ? ನನ್ನನ್ನೇನು ಸುಣ್ಣದ ಗೂಡು ಮಾಡ್ತೀಯಾ?" ಅಂದಳು.

ಆಸ್ಪತ್ರೆಯಲ್ಲಿ ನರಕ್ಕೆ ಸೂಜಿ ಚುಚ್ಚಿ ಅದೇ ಕ್ಯಾಲ್ಸಿಯಂ ಹನಿಹನಿಯಾಗಿ ಬಿಟ್ಟರು. ತಲೆ ನರೆತ ನರ್ಸಮ್ಮ ಪಕ್ಕದಲ್ಲಿ ಕೂತು ಹೇಳಿದಳು: "ವರ್ಷಗಟ್ಟಲೆ ಬಸಿದುಹೋದ ಎಲುಬು ಅಕ್ಕ. ಕೀಳೋದು ನಿಂತ ಕೂಡ್ಲೇ ಸಿಕ್ಕಿದ್ದನ್ನೆಲ್ಲ ಒಳಗೆ ಎಳ್ಕೊಳ್ತಿದೆ. ರಕ್ತಕ್ಕೆ ಏನೂ ಉಳೀತಿಲ್ಲ. ಅದಕ್ಕೇ ಹೊರಗಿಂದ ಕೊಡೋದು."

ಸುಣ್ಣದಕ್ಕ ಎದುರಿನ ಗೋಡೆಯತ್ತ ನೋಡಿದಳು.

"ಹಳೇ ಗೋಡೆ," ಅಂದಳು. "ಮೊದಲ ಕೈ ಸುಣ್ಣ ಹೊಡೆದರೆ ಕುಡಿದುಬಿಡುತ್ತೆ. ಹೊಡೆದೇ ಇಲ್ಲವೇನೋ ಅನ್ನೋ ಹಾಗಿರುತ್ತೆ. ಕೆಲಸ ಗೊತ್ತಿಲ್ಲದೋರು ಅಲ್ಲಿಗೇ ಕೈಬಿಡ್ತಾರೆ." ಬೆರಳುಗಳನ್ನು ಮೆಲ್ಲಗೆ ಮಡಿಸಿ ಬಿಚ್ಚಿದಳು. "ನಾನು ಆ ಒಂದು ಕೈಯನ್ನೂ ಹೊಡೀಲಿಲ್ಲ."

ಆಮೇಲೆ ಮಾತ್ರೆಯನ್ನು ಒಂದು ಹೊತ್ತೂ ತಪ್ಪಿಸಲಿಲ್ಲ. ಕರೆದಾಗಲೆಲ್ಲ ಹೋಗಿ ರಕ್ತ ಕೊಟ್ಟು ಬಂದಳು. ಡಾಕ್ಟರು ಮಾತ್ರೆ ಕಮ್ಮಿ ಮಾಡಿದಷ್ಟೇ ಕಮ್ಮಿ ಮಾಡಿದಳು. ಬೆಳಗಿನ ಬಿಸಿಲಲ್ಲಿ ಬೀದಿಯ ಈ ತುದಿಯಿಂದ ಆ ತುದಿಗೆ ನಡೆದಳು. ಗೋಡೆಗೆ ಒರಗಿಸಿಟ್ಟ ಏಣಿಯನ್ನು ದಿನಾ ದಾಟಿ ಹೋಗುವಾಗ ಒಮ್ಮೆ ಮುಟ್ಟುತ್ತಿದ್ದಳು, ಅಷ್ಟೇ.

ವರ್ಷಕ್ಕೆ ಸ್ಕ್ಯಾನ್ ಆಯಿತು. ಬೆನ್ನೆಲುಬು, ಸೊಂಟದೆಲುಬು ಚೆನ್ನಾಗಿ ತುಂಬಿಕೊಂಡಿದ್ದವು. ಮಣಿಕಟ್ಟು ಮಾತ್ರ ಹಿಂದೆ ಉಳಿದಿತ್ತು.

"ಏಣಿ?"

ಡಾಕ್ಟರು ಕನ್ನಡಕ ತೆಗೆದರು. "ನೆಲದ ಮೇಲೆ ನಿಂತು ಮಾಡೋದೆಲ್ಲ ಮಾಡಿ. ಏಣಿ ಇನ್ನು ಬೇಡಮ್ಮ. ಬಿದ್ದರೆ ತಡೆಯುವಷ್ಟು ಮಣಿಕಟ್ಟು ಗಟ್ಟಿಯಾಗಿಲ್ಲ."

ಆಕೆ ಮನೆಗೆ ಬಂದು, ವರ್ಷದಿಂದ ಮಾಸಿ ಕೂತ ತಮ್ಮದೇ ನಡುಮನೆಯ ಗೋಡೆಗೆ ಸುಣ್ಣ ಕಲಸಿದಳು. ಬ್ರಷ್ಷನ್ನು ಸೊಸೆಯ ಕೈಗಿಟ್ಟಳು.

"ನಾನು ಇಸ್ತ್ರಿ ಹಾಕೋಳು ಅತ್ತೆ."

"ಇದೂ ಅದೇ. ಸುಕ್ಕು ಕಾಣಬಾರದು. ಹತ್ತು."

ಏಣಿಯ ಕಾಲನ್ನು ಆಕೆ ಎರಡೂ ಕೈಯಲ್ಲಿ ಹಿಡಿದು ನಿಂತಳು. ಮುಖದ ಮೇಲೆ ಹನಿ ಬಿದ್ದರೂ ಒರೆಸಿಕೊಳ್ಳಲಿಲ್ಲ. ಮೇಲಿನ ಅಂಚು ಮುಗಿಸಿದ ಸೊಸೆ ಅರೆಗಳಿಗೆ ನೋಡಿ ಕಂಗಾಲಾದಳು.

"ಹೊಡೆದದ್ದೆಲ್ಲ ಎಲ್ಲಿಗೆ ಹೋಯ್ತು ಅತ್ತೆ? ಏನೂ ಕಾಣ್ತಿಲ್ಲ."

"ಒಳಗೆ ಹೋಗಿದೆ," ಅಂದಳು ಸುಣ್ಣದಕ್ಕ. "ಇನ್ನೊಂದು ಕೈ ಹೊಡಿ."