ನಡುಮನೆ ನೋಡುತ್ತಿದ್ದ ಬೋರಣ್ಣ

ಬೋರಣ್ಣನವರಿಗೆ ಇಂಗ್ಲಿಷಿನಲ್ಲಿ ಗೊತ್ತಿದ್ದದ್ದು ನಾಲ್ಕೇ ಅಕ್ಷರ: ಪಿ, ಟಿ, ಎ, ಬಿ. ಆ ನಾಲ್ಕನ್ನೇ ಇಟ್ಟುಕೊಂಡು ಅವರು ಮದ್ದೂರು, ಮಂಡ್ಯ, ಮಳವಳ್ಳಿ ಸುತ್ತಿನ, ಆಯಿಲ್ ಒತ್ತಡದಲ್ಲಿ ಓಡುವ ಹೈಡ್ರಾಲಿಕ್ ಯಂತ್ರಗಳನ್ನೆಲ್ಲ ರಿಪೇರಿ ಮಾಡಿಕೊಂಡಿದ್ದರು. ಕೆಟ್ಟು ನಿಂತ ಯಂತ್ರದ ಮುಂದೆ ಬಂದರೆ ಮೊದಲು ಸ್ಪ್ಯಾನರ್ ಮುಟ್ಟುತ್ತಿರಲಿಲ್ಲ. ಹೆಗಲ ಮೇಲಿನ ಟವೆಲ್ಲಿನಿಂದ ವಾಲ್ವಿನ ಮೇಲಿರುವ ಪುಟ್ಟ ತಗಡನ್ನು ಒರೆಸಿ, ಕನ್ನಡಕ ಹಣೆಗೇರಿಸಿ, ಮೂಗು ತಗಲುವಷ್ಟು ಹತ್ತಿರ ಹೋಗಿ ಅದರ ಮೇಲಿನ ಚಿತ್ರ ನೋಡುತ್ತಿದ್ದರು. ಮಾಲೀಕರು ಅವಸರ ಮಾಡಿದರೆ, "ಅರ್ಜೆಂಟಾದ್ರೆ ನೀವೇ ಬಿಚ್ಕಳಿ, ನಾನು ಟೀ ಕುಡ್ಕಬತ್ತೀನಿ" ಎಂದು ಹೊರಟೇಬಿಡುತ್ತಿದ್ದರು.

ನಾನು ಡಿಪ್ಲೊಮಾ ಮುಗಿಸಿ ಬೆಸಗರಹಳ್ಳಿ ಕಡೆಯ ಒಂದು ಸಿಮೆಂಟ್ ಇಟ್ಟಿಗೆ ಕಾರ್ಖಾನೆಗೆ ಕೆಲಸಕ್ಕೆ ಸೇರಿದ ಮೊದಲ ವಾರವೇ ಇಟ್ಟಿಗೆ ಒತ್ತುವ ಪ್ರೆಸ್ಸು ಕೆಟ್ಟು ನಿಂತಿತು. ಬೋರಣ್ಣ ಬಂದರು. ತಗಡು ತೋರಿಸಿ, "ಇದೇನವ್ವ ಇಂಜಿನೀರಮ್ಮ?" ಎಂದು ಕೇಳಿದರು.

"ಸೊಲೆನಾಯ್ಡ್ ವಾಲ್ವು."

"ಎಸ್ರು ಕೇಳ್ಲಿಲ್ಲ ಕಣವ್ವ. ಏನ್ ಬರ್ದವ್ರೆ ಓದು ಅಂದೆ."

ಫಸ್ಟ್ ಕ್ಲಾಸಿನಲ್ಲಿ ಪಾಸಾದವಳು ನಾನು. ಆ ಚಿತ್ರ ಓದಲು ಬರಲಿಲ್ಲ. ಅವರು ನಗಲಿಲ್ಲ. ಜೇಬಿನಿಂದ ಸೀಮೆಸುಣ್ಣ ತೆಗೆದು ನೆಲದ ಮೇಲೆ, ತಗಡಿನಲ್ಲಿದ್ದ ಹಾಗೇ, ಒಂದಕ್ಕೊಂದು ಅಂಟಿಕೊಂಡ ಮೂರು ಚೌಕದ ಮನೆ ಬರೆದು ಕುಕ್ಕರುಗಾಲಲ್ಲಿ ಕೂತರು. ಅವರ ತಂದೆ ನಾಲೆಯ ಮೇಲೆ ನೀರುಗಂಟಿಯಾಗಿದ್ದವರು. ಯಾವ ಗದ್ದೆಗೆ ಯಾವಾಗ ತೂಬು ತೆಗೆಯಬೇಕೆಂದು ನೋಡಿಕೊಳ್ಳುವ ಕೆಲಸ. ಬೋರಣ್ಣನಿಗೆ ಯಂತ್ರವೂ ಹಾಗೇ ಅರ್ಥವಾಗಿತ್ತು.

"ಪಿ ಅಂದ್ರೆ ದೊಡ್ ನಾಲೆ, ಪಂಪಿಂದ ಬರೋ ಆಯಿಲು. ಟಿ ಅಂದ್ರೆ ಬಸಿಗಾಲ್ವೆ, ವಾಪಸ್ ಟ್ಯಾಂಕಿಗೋಗದು. ಎ, ಬಿ ಎಲ್ಡು ಗದ್ದೆ. ಈ ಗದ್ದೆಗೆ ಬುಟ್ರೆ ಪ್ರೆಸ್ಸು ಮೇಲಕ್ಕೆ, ಆ ಗದ್ದೆಗೆ ಬುಟ್ರೆ ಕೆಳಕ್ಕೆ. ಈ ಕಡೀಕೊಂದು ಆ ಕಡೀಕೊಂದು ಕಾಯಿಲ್ ಅವಲ್ಲ, ಅವು ನೀರುಗಂಟಿಗಳು. ಯಾವನಿಗೆ ಕರೆಂಟ್ ಬತ್ತದೋ ಅವ್ನು ತಳ್ತಾನೆ, ಅವನ ಕಡೆ ಮನೇಲ್ ಬರ್ದಿರೋ ಬಾಣದಂಗೆ ಆಯಿಲ್ ಓಡ್ತದೆ."

"ಇಬ್ಬರಿಗೂ ಕರೆಂಟ್ ಇಲ್ಲದಿದ್ದರೆ?"

ಬೋರಣ್ಣ ಮಧ್ಯದ ಚೌಕದ ಮೇಲೆ ಬೆರಳಿಟ್ಟರು. "ಸ್ಪ್ರಿಂಗು ತಂದು ಈ ನಡುಮನೇಲಿ ಕೂರುಸ್ತದೆ. ಓಡೋ ಯಂತ್ರನ ಎಲ್ರೂ ನೋಡ್ತಾರೆ. ನಿಂತಾಗ ಅದೇನ್ ಮಾಡ್ತದೆ ಅನ್ನದು ಇಲ್ಲಿ ಬರ್ದಿರ್ತದೆ."

ನಮ್ಮ ಪ್ರೆಸ್ಸಿನ ನಡುಮನೆಯಲ್ಲಿ ಪಿ ಮತ್ತು ಟಿ ಕೂಡಿಕೊಂಡಿದ್ದವು. ಎ, ಬಿ ಎರಡಕ್ಕೂ ಅಡ್ಡಗೆರೆ ಎಳೆದು ಬಾಗಿಲು ಮುಚ್ಚಿತ್ತು. ಹಾಗಾಗಿ ಗುಂಡಿ ಬಿಟ್ಟರೆ ಮೇಲೆತ್ತಿದ ಭಾರ ಇದ್ದಲ್ಲೇ ನಿಲ್ಲುತ್ತಿತ್ತು. ಮೂರು ವರ್ಷ ಓದಿ ತಲೆಗೆ ಹೋಗದ್ದು ಹತ್ತು ನಿಮಿಷಕ್ಕೆ ಹೋಯಿತು. ನನಗೆ ಸಂತೋಷಕ್ಕಿಂತ ಹೊಟ್ಟೆಕಿಚ್ಚೇ ಜಾಸ್ತಿಯಾಯಿತು ಅಂತ ಈಗ ಒಪ್ಪಿಕೊಳ್ಳುತ್ತೇನೆ.

ಮಂಡ್ಯದ ಒಂದು ಗ್ಯಾರೇಜಿನಲ್ಲಿ ಮೇಲೆ ಅಂತ ಗುಂಡಿ ಒತ್ತಿದರೆ ಗಾಡಿ ಎತ್ತುವ ಯಂತ್ರ ಕೆಳಗೆ ಹೋಗುತ್ತಿತ್ತು. ಮೂವರು ಸೇರಿ ಅರ್ಧ ದಿನ ಪೈಪೆಲ್ಲ ಬಿಚ್ಚಿ ಮತ್ತೆ ಜೋಡಿಸಿ, ಮೈಕೈಯೆಲ್ಲ ಆಯಿಲ್ ಬಳಿದುಕೊಂಡು ಕೂತಿದ್ದರು. ಬೋರಣ್ಣ ತಗಡು ನೋಡಿದರು, ಎರಡು ಕಾಯಿಲಿನ ಪ್ಲಗ್ಗು ಕಿತ್ತು ಅದರದ್ದು ಇದಕ್ಕೆ, ಇದರದ್ದು ಅದಕ್ಕೆ ಸಿಕ್ಕಿಸಿದರು. "ನೀರುಗಂಟಿಗಳ್ನ ಅದ್ಲುಬದ್ಲು ಮಾಡ್ಬುಟ್ಟು ನಾಲೆ ಅಗೀತಾ ಕುಂತವ್ರೆ" ಎಂದು ಕೈ ತೊಳೆದುಕೊಂಡರು.

ಅವರಿಗಿದ್ದ ಚಟ ಒಂದೇ, ಬಾಡೂಟ. ಅದರಲ್ಲೂ ಬಂಡೂರು ಕುರಿಯದಾದರೆ ಎಷ್ಟು ದೂರದ ಬೀಗರೂಟವಾದರೂ ಹೊರಡುತ್ತಿದ್ದರು. ಪ್ರೆಸ್ಸಿನ ವಾಲ್ವು ಸುಟ್ಟುಹೋದ ದಿನ ಅವರು ಮಳವಳ್ಳಿ ಕಡೆ ಅಂಥದೇ ಊಟದಲ್ಲಿದ್ದರು. ನಾನು ಮಂಡ್ಯದ ಅಂಗಡಿಯಿಂದ ಹೊಸ ವಾಲ್ವು ತಂದು ಫೋನ್ ಮಾಡಿದೆ. "ತಗಡಿಂದು ಪೋಟೊ ಕಳ್ಸವ್ವ, ನೋಡಿ ಏಳ್ತೀನಿ" ಎಂದರು. "ಬೇಡ ಬಿಡಿ ಬೋರಣ್ಣ, ನಾನೇ ನೋಡ್ಕೋತೀನಿ" ಎಂದೆ. ನಾಲ್ಕು ಬೋಲ್ಟಿನ ತೂತು ಹಳೆಯದಕ್ಕೆ ಹೊಂದಿತ್ತು, ಕಾಯಿಲಿನ ವೋಲ್ಟೇಜೂ ಹೊಂದಿತ್ತು. ನಡುಮನೆ ಮಾತ್ರ ನೋಡಲಿಲ್ಲ.

ಪ್ರೆಸ್ಸು ನಿಂತಿದ್ದರಿಂದ ಆಳುಗಳೆಲ್ಲ ಮನೆಗೆ ಹೋಗಿದ್ದರು. ಕಾರ್ಖಾನೆಯಲ್ಲಿ ಇದ್ದದ್ದು ನಾನು ಮತ್ತು ಅಚ್ಚು ಕೆರೆದು ಸ್ವಚ್ಛ ಮಾಡುವ ಮಾದೇವಮ್ಮ. ವಾಲ್ವು ಬಿಗಿದು ಗುಂಡಿ ಒತ್ತಿದೆ. ಪ್ರೆಸ್ಸು ಸರಾಗವಾಗಿ ಇಳಿಯಿತು, ಏರಿತು. ಗುಂಡಿ ಬಿಟ್ಟೆ. ಮಾದೇವಮ್ಮ ದಿನದ ಹಾಗೆ ಅಚ್ಚಿಗೆ ಕೈ ಹಾಕಿದರು. ಹೊಸ ವಾಲ್ವಿನ ನಡುಮನೆಯಲ್ಲಿ ಎ, ಬಿ ಎರಡೂ ಟ್ಯಾಂಕಿನ ಕಡೆಗೆ ತೆರೆದುಕೊಂಡಿದ್ದವು. ಮೇಲಿದ್ದ ಭಾರ ಸದ್ದಿಲ್ಲದೆ ಇಳಿಯಿತು. ಅವರ ಬಲಗೈಯ ಎರಡು ಬೆರಳು ಹೋದವು.

ಮಾರನೆಯ ದಿನ ಬೋರಣ್ಣ ಬಂದು ತಗಡು ಒರೆಸಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಮಾಲೀಕರು, "ಯಾರ್ರೀ ಈ ವಾಲ್ವ್ ಹಾಕೋಕೆ ಹೇಳಿದ್ದು?" ಎಂದು ಕೂಗಾಡುತ್ತಿದ್ದರು.

"ನಾನೇ ಪೋನಲ್ಲಿ ಏಳಿದ್ದೆ ಸೋಮಿ. ತೆಪ್ಪಾಗೋಯ್ತು" ಎಂದರು ಬೋರಣ್ಣ.

ಅವರನ್ನು ಮತ್ತೆ ಆ ಕಾರ್ಖಾನೆಗೆ ಕರೆಯಲಿಲ್ಲ. ಸುದ್ದಿ ಹಬ್ಬಿ ಇನ್ನೂ ಕೆಲವು ಕಡೆ ಕೆಲಸ ತಪ್ಪಿತು. ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಕೆಲಸ ಹೋಗುತ್ತಿತ್ತು, ಅಷ್ಟೇ ಕಾರಣ. ಒಂದು ವರ್ಷವಾದ ಮೇಲೆ ಮಂಡ್ಯದಲ್ಲಿ ಬೇರೆ ಕೆಲಸ ಸಿಕ್ಕಿತು. ಬಿಟ್ಟು ಹೊರಡುವ ದಿನ ಮಾಲೀಕರಿಗೆ ಎಲ್ಲ ಹೇಳಿದೆ. ದೊಡ್ಡ ಧೈರ್ಯ ಮಾಡಿದೆನೆಂದುಕೊಂಡು ನೇರ ಮದ್ದೂರಿಗೆ, ಬೋರಣ್ಣನ ಮನೆಗೆ ಹೋದೆ.

ಉಬ್ಬಸ ಜಾಸ್ತಿಯಾಗಿ ಜಗಲಿಯ ಮೇಲೆ ದಿಂಬಿಗೊರಗಿ ಕೂತಿದ್ದರು. ನಾನು ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿಕೊಂಡು ಕೇಳಿದರು.

"ಮಾದೇವಮ್ಮಂಗೆ ಏಳಿದ್ಯಾ?"

"ಇಲ್ಲ. ಮಾಲೀಕರಿಗೆ..."

"ಬೆರಳು ಕಳ್ಕಂಡಿದ್ದು ಮಾಲೀಕನಾ?"

ಬೈಗುಳದ ದನಿಯಲ್ಲ, ಮೊದಲ ದಿನ ತಗಡು ತೋರಿಸಿ ಕೇಳಿದ್ದ ದನಿಯೇ. ಆಮೇಲೆ ಊಟ ಮಾಡಿಕೊಂಡು ಹೋಗು ಅಂದರು. ನಾನು ಬಸ್ಸಿಗೆ ಹೊತ್ತಾಯಿತು ಅಂತ ಸುಳ್ಳು ಹೇಳಿ ಎದ್ದು ಬಂದೆ. ಮಾದೇವಮ್ಮನ ಕಡೆಗೆ ಹೋಗುವ ಬೆಸಗರಹಳ್ಳಿ ಬಸ್ಸು ಎದುರಿಗೇ ನಿಂತಿತ್ತು, ಹತ್ತಲಿಲ್ಲ. ಈ ಭಾನುವಾರ, ಮುಂದಿನ ಭಾನುವಾರ ಅನ್ನುತ್ತಲೇ ಎರಡು ತಿಂಗಳು ಹೋಯಿತು. ಬೋರಣ್ಣ ತೀರಿಹೋದರು.

ಹನ್ನೊಂದನೆಯ ದಿನದ ತಿಥಿಗೆ ಹೋದೆ. ಊಟದ ಸಾಲಿನಲ್ಲಿ ಮಾದೇವಮ್ಮ ಕೂತಿದ್ದರು, ಉಳಿದ ಬೆರಳುಗಳಲ್ಲಿ ಮುದ್ದೆ ಮುರಿಯುತ್ತಾ. ಪಕ್ಕದಲ್ಲಿ ಕೂತೆ. ಇನ್ನು ತಡೆಯಲಾಗಲಿಲ್ಲ.

"ಮಾದೇವಮ್ಮ, ಆ ವಾಲ್ವ್ ಹಾಕು ಅಂತ ಬೋರಣ್ಣ ಹೇಳಿರಲಿಲ್ಲ. ಫೋಟೋ ಕಳಿಸು ಅಂದಿದ್ದರು. ನಾನು ಕಳಿಸಲಿಲ್ಲ. ತಪ್ಪು ನಂದು."

"ಗೊತ್ತು ಕಣವ್ವ. ನೀನ್ ಪೋನಲ್ ಮಾತಾಡುವಾಗ ನಾನ್ ಪಕ್ಕದಲ್ಲೇ ಇದ್ನಲ್ಲ."

"ಮತ್ತೆ ಯಾಕೆ ಯಾರಿಗೂ ಹೇಳಲಿಲ್ಲ?"

"ಆಸ್ಪತ್ರೇಲಿ ನೋಡಕ್ ಬಂದಾಗ ಬೋರಣ್ಣ ಏಳಿದ್ರು. ಅವಳೇ ಬಂದು ಏಳ್ತಾಳೆ, ಅಲ್ಲೀಗಂಟ ಸುಮ್ಕಿರವ್ವ ಅಂತ." ಮಾದೇವಮ್ಮ ಎಲೆಯ ಮೇಲಿಂದ ಕಣ್ಣೆತ್ತಲಿಲ್ಲ. "ತಿಂಗ್ಳಿಗೊಂದ್ಸಲ ಪೋನ್ ಮಾಡಿ ಕೇಳೋರು, ಬಂದಿದ್ಲಾ ಅಂತ. ನಾನು ಇಲ್ಲ ಅಂತಿದ್ದೆ."