ಹಬ್ಬದ ಮಧ್ಯಾಹ್ನ ಯಾರಿಗೂ ಬೇಡವಾದ ಕರೆಂಟು

ಅನೆಸ್ತಿಸ್ ಪಸಾಲಿಡಿಸ್ ಅವರ ಸೊಂಟದಲ್ಲಿ ಎರಡು ಬೀಗದ ಕೈ ತೂಗಾಡುತ್ತಿದ್ದವು. ಒಂದು ಮನೆಯದು, ಅದನ್ನು ಎಷ್ಟು ಸಲ ಕಳೆದಿದ್ದಾರೋ ಲೆಕ್ಕವಿಲ್ಲ. ಇನ್ನೊಂದು ಊರ ಸಹಕಾರ ಸಂಘದ ಸೋಲಾರ್ ಹೊಲದ ಸ್ವಿಚ್ ಕೋಣೆಯದು. ಅದನ್ನು ಸ್ನಾನಕ್ಕೆ ಹೋದಾಗಲೂ ಬಿಚ್ಚುವುದಿಲ್ಲವೆಂದು ಹೆಂಡತಿ ಊರಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು.

ಅಥೆನ್ಸಿಗೆ ಉತ್ತರದ ಕೊಜಾನಿ ಎಂಬ ಕಲ್ಲಿದ್ದಲ ಸೀಮೆಯ ಮನುಷ್ಯ. ಮೂವತ್ತೊಂದು ವರ್ಷ ಕಲ್ಲಿದ್ದಲ ಸ್ಥಾವರದಲ್ಲಿ ಬಾಯ್ಲರ್ ಕಾದವರು. ತಮ್ಮ ಪಾಳಿಯಲ್ಲಿ ಬೆಂಕಿ ಆರಿದ್ದೇ ಇಲ್ಲ ಅನ್ನುವುದೇ ಅವರ ಬಿರುದು ಬಾವಲಿ. ಈಸ್ಟರ್ ದಿನವೂ ಅಷ್ಟೆ, ಯಂತ್ರದ ಮೇಜಿನ ಮೇಲೆ ಹಬ್ಬಕ್ಕೆಂದು ಬಣ್ಣ ಹಾಕಿದ ಒಂದು ಕೆಂಪು ಮೊಟ್ಟೆ ಇಟ್ಟು ಕೆಲಸ ಸಾಗಿಸುತ್ತಿದ್ದರು. ಆಮೇಲೆ ಸರ್ಕಾರ ಸ್ಥಾವರ ಮುಚ್ಚಿತು, ಇನ್ನು ಮುಂದೆ ಸೂರ್ಯನೇ ಗತಿ ಅಂತ ಭಾಷಣ ಬಿಗಿಯಿತು. ಊರವರು ಪಿಂಚಣಿ ದುಡ್ಡು ಹಾಕಿ ಸೋಲಾರ್ ಮಾಡಿಕೊಂಡು, ಅನುಭವಸ್ಥರು ಬೇಕಲ್ಲ ಎಂದು ಇವರನ್ನೇ ಅಧ್ಯಕ್ಷ ಮಾಡಿದರು. ಅನುಭವಸ್ಥರು ಮಾಡಿದ ಮೊದಲ ಘನಕಾರ್ಯವೆಂದರೆ ಫೋನಿನಿಂದಲೇ ಹೊಲ ನಿಲ್ಲಿಸುವ ಸಲಕರಣೆಯನ್ನು ಕಿತ್ತುಹಾಕಿಸಿದ್ದು. "ಕರೆಂಟು ಮಾಡೋದು ನಿಲ್ಲಿಸೋಕಲ್ಲ" ಅಂದರು. ದಿನಾ ಸಂಜೆ ಇವರ ಅಪ್ಪಣೆಯಿಲ್ಲದೆ ಮುಳುಗುವ ಸೂರ್ಯನಿಗೆ ಮಾತ್ರ ಇನ್ನೂ ನೋಟಿಸು ಕೊಟ್ಟಿರಲಿಲ್ಲ.

ಸಂಘದ ಕಾರ್ಯದರ್ಶಿ ಪಾರ್ಥೆನಾ ಅವರ ತಂಗಿಯ ಮಗಳು. ನಾಳೆಯ ಕರೆಂಟಿಗೆ ಇವತ್ತೇ ಹರಾಜಿನಲ್ಲಿ ಬೆಲೆ ಕೂಗುವುದು ಅವಳ ಕೆಲಸ. ಮಧ್ಯಾಹ್ನದ ಬಿಸಿಲನ್ನು ಸಂಜೆಗೆ ಇಟ್ಟುಕೊಳ್ಳಲು ದೊಡ್ಡ ಬ್ಯಾಟರಿ ಬೇಕೆಂದು ಎರಡು ಸಭೆಗಳಲ್ಲಿ ಬಡಿದುಕೊಂಡಿದ್ದಳು. "ಬಿಸಿಲನ್ನ ಡಬ್ಬಿಗೆ ತುಂಬ್ತೀಯಾ? ಉಪ್ಪಿನಕಾಯಿ ಏನೇ ಅದು?" ಎಂದು ಮಾವ ಸಭೆಯನ್ನು ನಗಿಸಿದ್ದರು. ನಕ್ಕವರೇ ಸಂಜೆ ಮನೆಗೆ ಹೋಗಿ, ದುಬಾರಿ ಗ್ಯಾಸಿನಿಂದ ಮಾಡಿದ ಕರೆಂಟಿನಲ್ಲಿ ಟಿವಿ ನೋಡಿದರು.

ಈಸ್ಟರ್ ಅಂದರೆ ಕ್ರಿಸ್ತ ಸತ್ತು ಎದ್ದ ಭಾನುವಾರ; ಅನೆಸ್ತಿಸ್ ಅಂದರೂ ಎದ್ದವನು ಅಂತಲೇ, ಹಾಗಾಗಿ ಅದು ಅವರ ಹೆಸರಿನ ಹಬ್ಬವೂ ಹೌದು. ಅಂಗಳದ ತುಂಬ ನೆಂಟರು, ಕೆಂಡದ ಮೇಲೆ ಇಡೀ ಕುರಿಮರಿ. ದೇಶಕ್ಕೆ ದೇಶವೇ ಹಾಗೆ ಅಂಗಳದಲ್ಲಿ ಕೂತಿತ್ತು. ಕಾರ್ಖಾನೆ ಬಂದ್, ಕರೆಂಟಿನ ಒಲೆ ಬಂದ್. ಮೇಲೆ ಮೋಡದ ಚೂರೂ ಇಲ್ಲದ ಬಿಸಿಲು. ಹತ್ತೂವರೆಗೆ ಪಾರ್ಥೆನಾ ಬಂದು ಹಬ್ಬದ ವಾಡಿಕೆಯ ನಮಸ್ಕಾರ ಹೇಳಿದಳು.

"ಕ್ರಿಸ್ತ ಎದ್ದ, ಮಾವ. ಕೀ ಕೊಡು."

"ನಿಜವಾಗಿ ಎದ್ದ. ಕೂತ್ಕೋ, ಒಂದು ಗುಟುಕು ಹಾಕು. ಯಾವ ಕೀ?"

"ನಾಟಕ ಬೇಡ. ಬೆಲೆ ಸೊನ್ನೆಗಿಂತ ಕೆಳಗೆ ಹೋಗಿದೆ, ಕೊಳ್ಳೋರಿಗೆ ನಾವೇ ದುಡ್ಡು ಕೊಡ್ಬೇಕು. ಹನ್ನೊಂದರಿಂದ ಮೂರರವರೆಗೆ ನಮ್ಮ ಕರೆಂಟು ಬೇಡ ಅಂತ ಗ್ರಿಡ್ಡಿನವರು ಅಂದಿದ್ದಾರೆ. ಬಿಟ್ರೆ ದಂಡ."

"ಬಿಟ್ಟಿ ಕೊಟ್ರೂ ಬೇಡ್ವಂತಾ? ಎಂಥಾ ಕಾಲ ಬಂತಪ್ಪ!"

"ಹೋದ ಹಬ್ಬಕ್ಕೂ ನೀನು ಹೀಗೇ ಅಂದು ನಿಲ್ಲಿಸ್ಲಿಲ್ಲ, ನಾನು ಬ್ಯಾಟರಿಗೆ ಅಂತ ಕೂಡಿಟ್ಟಿದ್ರಲ್ಲಿ ಅರ್ಧ ದಂಡಕ್ಕೆ ಹೋಯ್ತು. ಇವತ್ತು ಉಳಿದಿದ್ದೂ ಹೋದ್ರೆ ಸಂಘ ಮುಚ್ಚಬೇಕು. ಹೊಲ ಅಥೆನ್ಸಿನ ಕಂಪನಿ ಪಾಲು. ನಿನ್ನ ಬಿರುದು ಇಟ್ಕೊಂಡು ನೆಕ್ಕು ಆಮೇಲೆ!"

ಅನೆಸ್ತಿಸ್ ಕುರಿ ತಿರುಗಿಸುವುದನ್ನು ಭಾವನಿಗೆ ಒಪ್ಪಿಸಿ ಎದ್ದರು. ದಾರಿಯುದ್ದಕ್ಕೂ ಗೊಣಗಿದರು, ಹರಾಜು ಕಂಡುಹಿಡಿದವನ ವಂಶಾವಳಿಯನ್ನೆಲ್ಲ ಜಾಲಾಡಿದರು.

ಕೋಣೆಯೊಳಗೆ ಸ್ವಿಚ್ಚಿನ ಹಿಡಿಕೆಯ ಪಕ್ಕದಲ್ಲೇ ಒಂದು ಕೆಂಪು ಮೊಟ್ಟೆ ಇತ್ತು. ಯಾವಾಗ ತಂದಿಟ್ಟಿದ್ದರೋ. ಹಿಡಿಕೆ ಹಿಡಿದರು, ಕೈ ಇಳಿಯಲಿಲ್ಲ.

"ಕೊನೇ ಬಾಯ್ಲರ್ ಆರಿಸಿದ್ದು ಈ ಕೈಯೇ ಕಣೇ" ಅಂದರು. "ಮ್ಯಾನೇಜರು ಬಂದು, ನೀವೇ ಹಿರಿಯರು, ನೀವೇ ಆರಿಸಿ ಅಂದ. ಮರ್ಯಾದೆಯಂತೆ! ಹಾರ ಬೇರೆ ಹಾಕಿದ್ರು."

ಇಷ್ಟು ವರ್ಷ ಯಾರಿಗೂ ಹೇಳಿರದ ಮಾತು. ಅಂಗಳದಲ್ಲಿ ಬೈದದ್ದೆಲ್ಲ ನೆನಪಾಗಿ ಪಾರ್ಥೆನಾಗೆ ನಾಚಿಕೆಯಾಯಿತು.

"ನೀನು ಆಚೆ ನಿಂತ್ಕೋ ಮಾವ. ನಾನು ಇಳಿಸ್ತೀನಿ."

ಆಚೆ ನಿಂತರು. ಸಾವಿನ ಮನೆಯಲ್ಲಿ ನಿಂತಂತೆ ಟೋಪಿ ತೆಗೆದರು. ಬಾಯ್ಲರ್ ಆರಿದಾಗ ಕಬ್ಬಿಣ ತಣಿಯುತ್ತ ಎರಡು ದಿನ ನರಳಿತ್ತು, ಇಲ್ಲೂ ಏನಾದರೂ ಕೇಳಿಸೀತೆಂದು ಕಿವಿಗೊಟ್ಟರು.

"ಆಯ್ತಾ?"

"ಆಗ್ಲೇ ಆಯ್ತು."

"ಸದ್ದೇ ಬರ್ಲಿಲ್ಲ?"

"ಇದರದ್ದು ಬರಲ್ಲ ಮಾವ."

"ಮೂರು ಗಂಟೆಗೆ ಮತ್ತೆ ಏಳುತ್ತಾ?"

"ಏಳುತ್ತೆ."

ಅವರು ಬಿಸಿಲಲ್ಲಿ ಸುಮ್ಮನೆ ಬಿದ್ದಿದ್ದ ಸೋಲಾರ್ ಹಲಗೆಗಳನ್ನು ನೋಡಿದರು. "ಆ ಬಾಯ್ಲರ್ ಏಳಲಿಲ್ಲ" ಅಂದರು.

ಮೂರಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಅನೆಸ್ತಿಸ್ ತಮ್ಮದೇ ಹಬ್ಬದ ಊಟವನ್ನು ಅರ್ಧಕ್ಕೆ ಬಿಟ್ಟು, ಕೈಗೆ ಅಂಟಿದ್ದ ಕೊಬ್ಬನ್ನೂ ತೊಳೆಯದೆ ಕೋಣೆಯಲ್ಲಿ ಹಾಜರಾಗಿದ್ದರು. ಗಡಿಯಾರ ನೋಡಿ ತಾವೇ ಹಿಡಿಕೆ ಎತ್ತಿದರು. ಮೀಟರಿನಲ್ಲಿ ಅಂಕಿ ಸರಸರ ಏರಿತು. ಅದು ಏರಿ ನಿಲ್ಲುವವರೆಗೂ ಕಣ್ಣು ಕೀಳಲಿಲ್ಲ. ಆಮೇಲೆ ಸೊಂಟದಿಂದ ಕೀ ಬಿಚ್ಚಿ ಬೆನ್ನ ಹಿಂದೆಯೇ ಬಂದಿದ್ದ ಪಾರ್ಥೆನಾಳ ಅಂಗೈಯಲ್ಲಿಟ್ಟರು.

"ಆ ಉಪ್ಪಿನಕಾಯಿ ಡಬ್ಬಿ ತರ್ಸೇ" ಅಂದರು. "ಇನ್ನೊಂದು ಸಲ ಇಲ್ಲಿ ಟೋಪಿ ತೆಗೆಯೋಕೆ ನನ್ನ ಕೈಲಾಗಲ್ಲ."