ಮೊಂಡು ಗಾಳದ ರಬ್ಬರ್ ಮೀನು

ಹಳೆಯ ಕನ್ನಡಕ ಹುಡುಕಲು ಹೋದವನಿಗೆ ಟ್ರಂಕಿನ ತಳದಲ್ಲಿ ಮೀನು ಸಿಕ್ಕಿತು. ಗಾಬರಿಯಾಗಬೇಡಿ, ರಬ್ಬರಿನ ಮೀನು. ನಮ್ಮದು ಶ್ರಾವಣದಲ್ಲಿ ಉಳ್ಳಾಗಡ್ಡಿಯನ್ನೂ ದೂರ ಇಡುವ ಮನೆ. ಬೆರಳುದ್ದದ ಈ ಮೀನು ಒಂದು ಕಾಲಕ್ಕೆ ಮೆತ್ತಗೆ ಬಳುಕುತ್ತಿತ್ತು, ಈಗ ಒಣಗಿ ಬಿರುಸಾಗಿದೆ. ಮೂಸಿ ನೋಡಿದೆ. ಹೊಸ ಚಪ್ಪಲಿಯಂಥ ವಾಸನೆ ಇನ್ನೂ ಇತ್ತು. ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಒಮ್ಮೆ ಕುಳಿತರೆ ಏಳಲು ಗೋಡೆ ಬೇಕಾಗುವ ವಯಸ್ಸು ನನ್ನದು, ಕೂತು ನೆನೆಯುವುದೇ ಸುಲಭ.

ನಿಜ ಹೇಳಬೇಕೆಂದರೆ ಬೆಳಗಿನಿಂದಲೇ ಮನಸ್ಸು ಕೆಟ್ಟಿತ್ತು. ಸಿಂದಗಿಯ ನನ್ನ ಗೆಳೆಯ ಶಿವಣ್ಣ ಪ್ರತಿ ವರ್ಷ ಸೀತನಿ ಕಾಲಕ್ಕೆ, ಹಾಲುಗಾಳಿನ ಜೋಳದ ತೆನೆ ಸುಟ್ಟು ತಿನ್ನುವ ಆ ನಾಲ್ಕು ದಿನಕ್ಕೆ, ಫೋನು ಮಾಡಿ ಹೊಲಕ್ಕೆ ಕರೆಯುತ್ತಾನೆ. ನಾನು ಮೊಣಕಾಲು, ಚಳಿ, ಬಸ್ಸು ಅಂತ ಏನಾದರೊಂದು ನೆವ ಹೇಳುತ್ತೇನೆ. ಈ ವರ್ಷ ಫೋನೇ ಬರಲಿಲ್ಲ. ಹೇಗೂ ಹೋಗುತ್ತಿರಲಿಲ್ಲ, ಆದರೂ ಸಿಟ್ಟು ಬಂತು.

ಮೀನು ನಮ್ಮ ಗುರಪ್ಪ ಕಾಕಾನದು. ನಿಡಗುಂದಿಯಲ್ಲಿ ಅವನಿಗೆ ಅರಿವೆ ಅಂಗಡಿ ಇತ್ತು. ನಾನಾಗ ಮಸೂತಿ ಎಂಬ ಊರಿನ ಶಾಲೆಗೆ ಹೊಸದಾಗಿ ಸೇರಿದ್ದ ಮಾಸ್ತರ, ಶನಿವಾರ ನಿಡಗುಂದಿಗೆ, ಕಾಕಾನೂ ನಾವೂ ಒಟ್ಟಿಗಿದ್ದ ಮನೆಗೆ, ಬರುತ್ತಿದ್ದೆ. ಕಾಕಾನ ಜೊತೆ ಶಾಲೆ ಕಲಿತ ರಾಜೇಸಾಬ ಮುಂಬಯಿ ಬಂದರಿನಲ್ಲಿ ಲಾಂಚಿನ ಮೇಲೆ ಕೆಲಸಕ್ಕಿದ್ದ. ಮೊಹರಮ್ಮಿಗೆ ತಪ್ಪದೆ ಊರಿಗೆ ಬರುತ್ತಿದ್ದವನು ಒಮ್ಮೆ ಈ ಮೀನು ತಂದ. ಯಾವುದೋ ಪರದೇಶಿ ಹಡಗಿನ ಖಲಾಶಿ ಕೊಟ್ಟದ್ದಂತೆ, ಸಮುದ್ರದ ದೊಡ್ಡ ಮೀನುಗಳನ್ನು ಮರುಳು ಮಾಡುವಂಥದ್ದಂತೆ. ಹುಳ ಚುಚ್ಚುವ ಕೆಲಸವಿಲ್ಲ ಎಂದೊಡನೆ ಕಾಕಾನ ಮುಖ ಅರಳಿತು. ನೀರಿನ ಹುಚ್ಚು ಅವನಿಗೆ ಮೊದಲಿನಿಂದಲೂ ಇತ್ತು, ಹುಳದ ಪಾಪ ಮಾತ್ರ ಬೇಡವಾಗಿತ್ತು. ಮೀನಿನ ಪಾಪವೂ ಬೇಡವೆಂದು ಗಾಳದ ಮೊನೆಯನ್ನು ಕಲ್ಲಿಗೆ ತಿಕ್ಕಿ ಮೊಂಡು ಮಾಡಿದ.

"ಇದು ಮೀನ ಹಿಡಿಯೂದಲ್ಲೋ ಗುರಪ್ಪ, ಮೀನಿಗಿ ಶರಣು ಶರಣಾರ್ಥಿ ಹೇಳೂದು," ಎಂದು ರಾಜೇಸಾಬ ನಕ್ಕ.

"ಹಿಡದು ನಾ ಏನ್ ಮಾಡ್ಲಿ? ಒಮ್ಮಿ ಜಗ್ಗಿದ್ರ ಸಾಕು," ಎಂದ ಕಾಕಾ.

ಅಣೆಕಟ್ಟಿಲ್ಲದ ಕಾಲದ ಕೃಷ್ಣೆಯ ದಂಡೆ. ರಬ್ಬರ್ ಮೀನನ್ನು ನೀರಿಗೆಸೆದು ಕಾಕಾ, ನಾನು ಬಂಡೆಯ ಮೇಲೆ ಕುಳಿತೆವು. ಮೀನು ಹಿಡಿಯುವುದೆಂದರೆ ಕಾಯುವುದು ಎಂದೇ ನಮ್ಮ ತಿಳಿವಳಿಕೆ. ಮಾಸ್ತರನಾದ ನಾನು, ಕೆಮ್ಮಬೇಡ ಎಂದು ಕಾಕಾನಿಗೂ ತಾಕೀತು ಮಾಡಿದ್ದೆ. ಹೊತ್ತು ನೆತ್ತಿಗೇರಿದರೂ ದಾರ ಅಲುಗಲಿಲ್ಲ. ಆಮೇಲೆ ಬಂದ ರಾಜೇಸಾಬ ನಮ್ಮನ್ನು ನೋಡಿ ಹಣೆ ಹಣೆ ಬಡಿದುಕೊಂಡ.

"ರಬ್ಬರ್ ಹಾಕಿ ಸುಮ್ನ ಕುಂತೀರೇನ್ರೋ? ಹುಳಕ್ಕ ಜೀವ ಇರ್ತೈತಿ, ಕಾಯ್ಕೋತ ಕುಂದ್ರಬಹುದು. ಇದರ ಜೀವ ನಿಮ್ಮ ಕೈಯಾಗ ಐತಿ. ಎಳೀರಿ! ಎಳದು, ತಡದು, ಸಡ್ಲ ಬಿಡ್ರಿ. ಸಡ್ಲಾಗಿ ಬೀಳೂವಾಗs ಮೀನ ಬಾಯಿ ಹಾಕತೈತಿ."

ಹೊರಗೆ ತೆಗೆದು ನೋಡಿದರೆ ಗಾಳ ಕೂಡ ಸೊಟ್ಟಗೆ ಕೂತಿತ್ತು. ಸೊಟ್ಟಗಿದ್ದರೆ ಮೀನು ನೀರಲ್ಲಿ ಗಿರಗಿರ ತಿರುಗಿ ದಾರವೆಲ್ಲ ಹುರಿಗೊಳ್ಳುತ್ತದೆ. ಗಾಳವನ್ನು ಮೊದಲು ಮೀನಿನ ಪಕ್ಕಕ್ಕಿಟ್ಟು, ಮೊನೆ ಎಲ್ಲಿ ಹೊರಬರಬೇಕೋ ಅಲ್ಲಿ ಉಗುರಿನಿಂದ ಗುರುತು ಮಾಡಿ, ರಬ್ಬರ್ ಮೀನಿನ ಬಾಯೊಳಗಿಂದ ಪೋಣಿಸಿ ಬೆನ್ನಿನ ನಟ್ಟನಡುವೆ ತೆಗೆಯಬೇಕು. ಮೊಂಡು ಗಾಳವಾದ್ದರಿಂದ ಕಾಕು, ಅಂದರೆ ಕಾಕಾನ ಹೆಂಡತಿ, ದಬ್ಬಳದಿಂದ ಮೊದಲು ದಾರಿ ಮಾಡಿಕೊಟ್ಟಳು. ಅರಿವೆ ಅಳೆದ ಕೈ, ಕಾಕಾ ಬೇಗ ಕಲಿತ. ಕೆಲವೇ ವಾರಗಳಲ್ಲಿ ಅವನ ಕೈಯಲ್ಲಿ ಆ ರಬ್ಬರು ನಿಜವಾದ ಮರಿಯಂತೆ ಈಜತೊಡಗಿತು. ಮೀನೊಂದು ದಾರ ಜಗ್ಗಿದಾಗ ಅವನ ಮುಖ ನೋಡಬೇಕಿತ್ತು ನೀವು. ಉಪ್ಪುನೀರಿಗೆ ಗಾಳ ತುಕ್ಕು ಹಿಡಿಯುತ್ತದೆ, ದಿನಾ ಸಿಹಿನೀರಿನಿಂದ ತೊಳೆಯಬೇಕೆಂದು ರಾಜೇಸಾಬ ಹೇಳಿದ್ದ. ಕಾಕಾ ಹೊಳೆಯಿಂದ ಬಂದ ಮೇಲೂ ಬಾವಿಯ ನೀರು ಸೇದಿ ತೊಳೆಯುತ್ತಿದ್ದ. ಹೊಳೆಯ ನೀರೂ ಸಿಹಿಯೇ ಅಲ್ಲವೇ ಎಂದರೆ, "ಇದು ಸಮುದ್ರದ ಮೀನೈತಿ. ಅದರ ರೀತಿ ಅದಕ್ಕ," ಎನ್ನುತ್ತಿದ್ದ.

ಸಮುದ್ರದಲ್ಲಿ ಒಮ್ಮೆ ಇದನ್ನು ಎಸೆಯಬೇಕು: ಅದೊಂದೇ ಅವನ ಆಸೆ. ಪ್ರತಿ ಮೊಹರಮ್ಮಿಗೂ ರಾಜೇಸಾಬ ಕರೆಯುತ್ತಿದ್ದ, "ಬಾರೋ, ಸಮುದ್ರ ತೋರಸ್ತೇನಿ." ಪ್ರತಿ ಸಲವೂ ಕಾಕಾನಿಗೆ ಅಂಗಡಿ, ರಾಶಿ, ಯಾರದೋ ಮದುವೆ. ಶರಣರ ಮನೆಯವನು ಮೀನಿನ ಸಲುವಾಗಿ ಮುಂಬಯಿಗೆ ಹೋದ ಎಂದು ಜನ ನಕ್ಕಾರೆಂಬ ಅಂಜಿಕೆಯೇ ದೊಡ್ಡದಿತ್ತು. ಇಲ್ಲ ಎನ್ನುವಾಗ ಗೆಳೆಯನ ಮುಖ ನೋಡಲಾರದೆ ಕೈಯಲ್ಲಿದ್ದ ಅರಿವೆಯ ಅಂಚು ತಿಕ್ಕುತ್ತಿದ್ದ.

ಒಂದು ವರ್ಷ ಎಂದಿನಂತೆ ರಾಜೇಸಾಬನನ್ನು ಬಸ್ಸಿಗೆ ಕಳಿಸಲು ನಾವಿಬ್ಬರೂ ಹೋದೆವು. ಕಾಕಾ ಅಂದು ಹಾಡುಹಗಲೇ ಅಂಗಡಿಗೆ ಬೀಗ ಹಾಕಿದ್ದ. ಚಹಾ ಆಯಿತು, ಎಲೆಅಡಿಕೆ ಆಯಿತು, ಮಳೆ ಬೆಳೆ ಎಲ್ಲ ಮಾತಾಯಿತು. ರಾಜೇಸಾಬ ಏನೋ ಹೇಳಲು ಬಾಯಿ ತೆರೆದವನು ತನ್ನ ಗಂಟಿನ ಹಗ್ಗ ಬಿಗಿದ. ಬಸ್ಸು ಬಂತು.

"ಬರ್ಲೇನೋ ಗುರಪ್ಪ?"

"ಹೂಂ. ಹೋಗಿ ಬಾ."

ರಜೆಯೆಂದು ನಾನು ಊರಲ್ಲೇ ಇದ್ದ ಆ ವಾರವೆಲ್ಲ ನಮ್ಮ ಮನೆಯಲ್ಲಿ ಊಟಕ್ಕೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ. ಬಿಸಿ ರೊಟ್ಟಿ ಏಕಿಲ್ಲ ಎಂದು ನಾನು ಗೊಣಗಿದೆ. ಕಾಕು ಇನ್ನೊಂದು ಕಡಕ್ ರೊಟ್ಟಿ ಮುರಿದು ತಾಟಿಗೆ ಹಾಕಿದಳು.

ಮುಂದಿನ ಮೊಹರಮ್ಮಿಗೆ ರಾಜೇಸಾಬ ಬರಲಿಲ್ಲ. ಜ್ವರದಿಂದ ಮುಂಬಯಿಯಲ್ಲೇ ತೀರಿಕೊಂಡನೆಂದು ಸುದ್ದಿ ಬಂತು. ಕೆಲವು ತಿಂಗಳ ಮೇಲೆ ಊರಿಗೆ ಬಂದ ಅವನ ಹೆಂಡತಿ ನಮ್ಮ ಕಟ್ಟೆಯ ಮೇಲೆ ಕುಳಿತು ಕಾಕಾನಿಗೆ ಹೇಳಿದಳು:

"ಕಡೀ ಸಲ ಬರೂವಾಗ ನಮ್ಮವರು ಅಂದಿದ್ರು, ಅಣ್ಣಾರ, ವರ್ಷಾ ಕರದು ಗುರಪ್ಪಗ ಸಂಕಟ ಮಾಡಾಕತ್ತೇನಿ, ಇಲ್ಲ ಅನ್ನಾಕ ಅವಗ ಭಾಳ ತ್ರಾಸ ಆಗತೈತಿ, ಈ ವರ್ಷ ಕರಿಯಾಂಗಿಲ್ಲಂತ."

ಒಳಗಿನಿಂದ ಕಾಕು ಅಳುವುದು ಕೇಳಿಸಿತು. ಆಮೇಲೆ ಅವಳ ಬಾಯಿಂದಲೇ ನನಗೆ ತಿಳಿದದ್ದು: ಗೆಳೆಯನನ್ನು ಬಸ್ಸಿಗೆ ಕಳಿಸಿದ ಆ ದಿನ ಕಾಕಾ ಹೊರಟೇ ನಿಂತಿದ್ದ. ಮನೆಯ ಬಾಗಿಲ ಹಿಂದೆ ಚೀಲ ತುಂಬಿಟ್ಟಿತ್ತು. ಕಡಕ್ ರೊಟ್ಟಿ ಅವನ ಬುತ್ತಿಯಾಗಿತ್ತು. ಗೆಳೆಯ ಒಮ್ಮೆ ಕರೆದಿದ್ದರೆ ಸಾಕಿತ್ತು, ಓಡಿಬಂದು ಚೀಲ ಎತ್ತಿಕೊಳ್ಳುತ್ತಿದ್ದ. ಇವನು ಕರೆಯಲೆಂದು ಕಾಯ್ದ. ಅವನು ನೋಯಬಾರದೆಂದು ಕರೆಯಲಿಲ್ಲ.

ಸಂಜೆ ಕಾಕಾ, ಹೊಳೆಗೆ ಹೋಗಿಬರದಿದ್ದರೂ, ಮೀನನ್ನು ಬಾವಿಯ ನೀರಿನಲ್ಲಿ ತೊಳೆದು ಒರೆಸಿ ಟ್ರಂಕಿನಲ್ಲಿಟ್ಟ.

"ಎಳೀರಿ ಎಳೀರಿ ಅಂತ ಬಡಕೊಂಡ ಅವ. ನಾ ಮತ್ತ ಕುಂತs ಬಿಟ್ಟೆ," ಎಂದ. ಆಮೇಲೆ ಅವನು ಹೊಳೆಯ ದಂಡೆಗೆ ಹೋಗಲಿಲ್ಲ. ಸಮುದ್ರ ನೋಡದೆಯೇ ತೀರಿಹೋದ.

ಗೋಡೆ ಹಿಡಿದು ಎದ್ದೆ. ಕನ್ನಡಕವಿಲ್ಲದೆಯೇ ತಡವರಿಸಿ ಸಿಂದಗಿಗೆ ಫೋನು ಹಚ್ಚಿದೆ.

"ಶಿವಣ್ಣ, ಈ ಸಲ ನೀ ಕರಿಯೂ ಮೊದ್ಲs ನಾ ಹೇಳ್ತೇನಿ. ನಾಳೆ ಬರ್ತೇನಿ. ಸೀತನಿ ಅದಾವೇನು?"



"ತೆನಿ ಬಲತು ಹೋದೂವೋ," ಎಂದ ಶಿವಣ್ಣ. ಆಮೇಲೆ, "ಬಾ," ಎಂದ.